ಅವ್ವ ‘ಹೆಂಗೈತೆ’ ಎಂದು ಕೇಳುತ್ತಿದ್ದ ವರ್ಷ

ಮನೆಯಲ್ಲೇ ಕೂತು ಸಣ್ಣಪುಟ್ಟ ವ್ಯಾಪಾರ ಮಾಡುವ ಹೆಂಗಸರಿಗೆ ತರಬೇತಿ ಕೊಡುವುದು ನನ್ನ ಕೆಲಸ. ರೊಟ್ಟಿ ಬಡಿಯುವವರು, ಹಪ್ಪಳ ಒತ್ತುವವರು, ರವಿಕೆ ಹೊಲಿಯುವವರು, ಸೀರೆಗೆ ಕುಚ್ಚು ಕಟ್ಟುವವರು, ಎಲ್ಲರೂ ಬರುತ್ತಾರೆ. ಬಂದವರ ಕೈಗೆ ಒಂದು ಹಾಳೆ ಕೊಡುತ್ತೇವೆ. ‘ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ’ ಎಂದು ಅದರ ತಲೆಬರಹ, ಕೆಳಗೆ ಹತ್ತು ಪ್ರಶ್ನೆ. ನಾನು ಬರೆದವಲ್ಲ, ಮೇಲಿನವರು ಕಳಿಸಿದ್ದು. ಓದಿ ಓದಿ ಬಾಯಿಪಾಠವಾಗಿವೆ. ಹೋದ ಕಾರ್ತಿಕದಲ್ಲಿ ಈ ಹಾಳೆಗಳ ಕಟ್ಟು ಹಿಡಿದು ಚಳ್ಳಕೆರೆಗೆ ಹೋದೆ. ಹುಟ್ಟಿ ಬೆಳೆದ ಊರು. ಆದರೂ ಅಲ್ಲಿನ ಕೆಲಸ ಬಂದಾಗಲೆಲ್ಲ ಬೇರೆ ಯಾರ ತಲೆಗಾದರೂ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಯಾರೂ ಸಿಗಲಿಲ್ಲ.

ಆರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ತಳ್ಳುಗಾಡಿಯವನು ಶೇಂಗಾ ಹುರಿಯತೊಡಗಿದ್ದ. ಕಿಟಕಿಯಿಂದ ವಾಸನೆ ಒಳಗೆ ಬಂತು. ಹಾಳೆ ನೋಡದೆಯೇ ಓದಿದೆ: ‘ನಿಮ್ಮ ಸರಕು ಕೆಟ್ಟಾಗ ಕೆಟ್ಟಿದೆ ಎಂದು ಮುಖಕ್ಕೇ ಹೇಳುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?’ ಮುಂದಿನ ಸಾಲಿನಲ್ಲಿದ್ದ ಚಕ್ಕುಲಿ ಮಾಡುವ ಹೆಂಗಸು ಕೈ ಎತ್ತಿದಳು. “ನನ್ ಮಗಳು ಹೇಳ್ತಾಳೆ ಮೇಡಂ. ಬಾಳ ಖಡಕ್ ಅವಳು” ಎಂದು ಹೆಮ್ಮೆಯಿಂದ ನಕ್ಕಳು. ಏಳನೆಯ ಪ್ರಶ್ನೆ ಓದದೆ ಹಾಳೆ ಮಡಚಿಟ್ಟೆ. ಟೀ ಕುಡಿದು ಬನ್ನಿ ಎಂದು ಎಲ್ಲರನ್ನೂ ಎಬ್ಬಿಸಿದೆ. ಅವರಿಗೆ ಖುಷಿಯಾಯಿತು, ನಾನು ಕಿಟಕಿ ಮುಚ್ಚಿ ಕುರ್ಚಿಯಲ್ಲಿ ಕೂತೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ ಅದು. ಊರ ತುಂಬ ಇದ್ದ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹೊರದೇಶದ ಅಗ್ಗದ ಎಣ್ಣೆ ಬಂದ ಮೇಲೆ ನಮ್ಮ ಶೇಂಗಾ ಎಣ್ಣೆ ಕೇಳುವವರು ಕಡಿಮೆಯಾಗಿದ್ದರು. ಅಪ್ಪ ಗುಮಾಸ್ತರಾಗಿದ್ದ ಮಿಲ್ಲೂ ನಿಂತಿತು. ಅವರು ದಾವಣಗೆರೆಯ ಒಂದು ಗೋದಾಮಿಗೆ ಕೆಲಸಕ್ಕೆ ಸೇರಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು. ನಾನು ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದೆ. ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿ ಮಾರುತ್ತಿದ್ದಳು. ಮಿಲ್ಲು ನಿಲ್ಲುವ ಮೊದಲು ಅದು ಹಬ್ಬ ಹುಣ್ಣಿಮೆಗೆ ಪರಿಚಯದವರಿಗೆ ಕೊಡುವ ಮಾತಾಗಿತ್ತು, ಆಮೇಲೆ ಅದೇ ನಮ್ಮ ಅನ್ನವಾಯಿತು. ಪೇಟೆಯ ಅಂಗಡಿಗಳಲ್ಲಿ ಜನ ‘ಶಿವಗಂಗಮ್ಮನ ಪುಡಿ ಐತಾ’ ಎಂದು ಅವಳ ಹೆಸರು ಹಿಡಿದೇ ಕೇಳುತ್ತಿದ್ದರು. ಯಾರಾದರೂ ಹಾಗೆ ಕೇಳಿದ್ದನ್ನು ನಾನು ಬಂದು ಹೇಳಿದರೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಕೇಳದವಳಂತೆ ಒಲೆಯ ಕಡೆ ತಿರುಗುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು, ನನಗೆ ಗೊತ್ತಾಗುತ್ತಿತ್ತು.

ಅವ್ವನದೊಂದು ಕಟ್ಟುನಿಟ್ಟು ಇತ್ತು. ಮಾರುವ ಪದಾರ್ಥದ ರುಚಿ ನೋಡುವಂತಿರಲಿಲ್ಲ. ಕೊಂಡವರ ಮನೆಯಲ್ಲಿ ಅದು ಮೊದಲು ಲಿಂಗಕ್ಕೋ ದೇವರಿಗೋ ಎಡೆಯಾಗುತ್ತದೆ, ನಮ್ಮ ನಾಲಿಗೆ ಸೋಕಿದರೆ ಎಂಜಲು. ಒಂದು ಕಾಳನ್ನೂ ಅವಳು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ, ನನಗೂ ಬಿಡುತ್ತಿರಲಿಲ್ಲ. ಎಲ್ಲವೂ ವಾಸನೆಯ ಮೇಲೆ ನಡೆಯುತ್ತಿತ್ತು. “ಮೂಗಿಗೆ ಯಾವ ಮಡಿಯವ್ವ?” ಎಂದು ನಗುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಶೇಂಗಾ ಆಡಿಸುತ್ತ, ಪಕ್ಕದ ಮನೆಯ ನಾಗಮ್ಮನ ಜೊತೆ ಕಾಂಪೌಂಡಿನಾಚೆ ಜಗಳವೋ ಹರಟೆಯೋ ನಡೆಸುತ್ತ ಇರುವವಳು, ಮಾತಿನ ಮಧ್ಯೆ ತಟ್ಟನೆ ಬಾಣಲೆ ಇಳಿಸಿಬಿಡುವಳು. ಒಂದು ಗಳಿಗೆ ಹಿಂದಿಲ್ಲ, ಮುಂದಿಲ್ಲ. ಚೀಲದೊಳಗೆ ಕೈ ಹಾಕುವ ಮೊದಲೇ ಇದು ಪರಶುರಾಂಪುರದ ಕಡೆಯ ಮಾಲು, ಇದು ಹಳೇದು, ಇದು ನೆನೆದದ್ದು ಎನ್ನುತ್ತಿದ್ದಳು. ತೂಕದವನು ಹೆದರುತ್ತಿದ್ದ.

ಆ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಕೆಟ್ಟ ನೆಗಡಿ, ಕೆಮ್ಮು, ಹತ್ತು ದಿನ ಮಲಗಿದಳು. ಎದ್ದ ಮೇಲೆ ಎಲ್ಲ ಸರಿಹೋಯಿತೆಂದೇ ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಕಾಲೇಜಿನಿಂದ ಬರುತ್ತಿದ್ದೇನೆ, ಓಣಿಯ ತುದಿಗೇ ಹಾಲು ಸೀದ ವಾಸನೆ. ನಮ್ಮದೇ ಮನೆ. ಹಾಲು ಉಕ್ಕಿ, ಸುರಿದು, ಪಾತ್ರೆಯ ತಳ ಕಪ್ಪಾಗಿ ಹೊಗೆ ಏಳುತ್ತಿತ್ತು. ಅವ್ವ ಅದೇ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಬೀಜ ಆರಿಸುತ್ತಿದ್ದಳು. ನಾನು ಓಡಿ ಹೋಗಿ ಇಳಿಸಿದಾಗ ಬೆಚ್ಚಿಬಿದ್ದಳು. “ಅಯ್ಯೋ, ಎತ್ಲಾಗೋ ಗ್ಯಾನ ಹೋಗಿತ್ತು ಕಣೇ” ಎಂದಳು. ಅವಳ ಮುಖದಲ್ಲಿದ್ದುದು ನಾಚಿಕೆ ಎಂದುಕೊಂಡೆ. ಹೆದರಿಕೆ ಇರಬಹುದೆಂದು ಹೊಳೆಯಲಿಲ್ಲ.

ಅದಾದ ಮೇಲೆ ಅವಳಿಗೆ ಹೊಸದೊಂದು ಅಭ್ಯಾಸ ಶುರುವಾಯಿತು. ಬಾಣಲೆ ಒಲೆಯ ಮೇಲಿದ್ದಾಗ ನನ್ನನ್ನು ಕರೆಯುವುದು. “ಉಮಿ, ಬಾರೇ ಇಲ್ಲಿ. ಹೆಂಗೈತೆ ನೋಡು.” ಪುಡಿ ಕುಟ್ಟಿದ ಮೇಲೆ ಮತ್ತೊಮ್ಮೆ, “ಹೆಂಗೈತೆ?” ಹೊಸ ಚೀಲ ಬಿಚ್ಚಿದಾಗ, “ಹೆಂಗೈತೆ?” ಇಷ್ಟು ವರ್ಷ ಯಾರನ್ನೂ ಕೇಳದವಳು ಈಗ ಯಾಕೆ ಕೇಳುತ್ತಾಳೆ? ನಾನು ನನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದೆ. ಅವ್ವನಿಗೆ ವಯಸ್ಸಾಗುತ್ತಿದೆ, ಕೈ ತಪ್ಪುತ್ತಿದೆ, ಅದು ಅವಳಿಗೇ ತಿಳಿದಿಲ್ಲ. ಒಳಗೆ ಏನೋ ಅಳುಕು, ಅದಕ್ಕೇ ನನ್ನಿಂದ ಹೊಗಳಿಕೆ ಕೇಳುತ್ತಾಳೆ. ಕೇಳಿದರೆ ಹೊಗಳಿದರಾಯಿತು. ಎರಡು ಸಲ ಪುಡಿಗೆ ಹೊತ್ತಿದ ವಾಸನೆ ಇತ್ತು, ಒಂದು ಸಲ ಹಸಿ ಹಸಿ. ಮೂರು ಸಲವೂ “ಚೆನ್ನಾಗೈತವ್ವ” ಎಂದೆ.

ಸಂತೆಪೇಟೆಯಲ್ಲಿ ನಮ್ಮ ಪುಡಿ ಇಡುತ್ತಿದ್ದ ಕಿರಾಣಿ ಅಂಗಡಿಯ ಸಾಬರು ಒಳ್ಳೆಯ ಮನುಷ್ಯ. ದೀಪಾವಳಿಯ ಸುಮಾರಿಗೆ ನನ್ನನ್ನು ಪಕ್ಕಕ್ಕೆ ಕರೆದರು. “ಬೇಟಿ, ಮಾಲು ಮೊದಲಿನಂಗಿಲ್ಲ. ಗಿರಾಕಿ ಮಾತಾಡ್ತಾರೆ. ನಿಮ್ಮ ಅಮ್ಮಂಗೆ ಜರಾ ಹೇಳಿಬಿಡು. ನಾನು ಹೇಳಿದ್ರೆ ಬೇಜಾರು ಮಾಡ್ಕೋತಾರೆ.” ಮನೆಗೆ ಬಂದೆ. ಬಾಗಿಲಲ್ಲೇ ನಿಂತಿದ್ದ ಅವ್ವ, “ಸಾಬರು ಏನಂದ್ರು?” ಎಂದಳು. “ಬಾಳ ಚೆನ್ನಾಗೈತಂತೆ” ಎಂದೆ.

ಈಗ ಕೂತು ನನ್ನನ್ನು ನಾನೇ ಪರೀಕ್ಷಿಸಿಕೊಂಡರೆ, ಅವ್ವನ ಮನಸ್ಸು ನೋಯಬಾರದೆಂಬ ಪ್ರೀತಿ ಅದರಲ್ಲಿ ಇತ್ತು, ಸುಳ್ಳಲ್ಲ. ಆದರೆ ಎಷ್ಟಿತ್ತು? ಕೆಟ್ಟಿದೆ ಎಂದರೆ ಮತ್ತೆ ಹುರಿಯಬೇಕು, ಮತ್ತೆ ಸಿಪ್ಪೆ ಉಜ್ಜಬೇಕು, ಮತ್ತೆ ಒರಳಿನ ಮುಂದೆ ಕೂರಬೇಕು, ಅವಳ ಜೊತೆ ನಾನೂ. ನನಗೆ ಪರೀಕ್ಷೆ ಇತ್ತು. ಕಾಲೇಜಿನಲ್ಲಿ ನಾನು ಒಳಗೆ ಬಂದರೆ ಹುಡುಗಿಯರು ಮೂಗೆಳೆದು “ಚಟ್ನಿಪುಡಿ ಬಂತು” ಎನ್ನುತ್ತಿದ್ದರು. ಎಷ್ಟು ಸೀಗೆಪುಡಿ ಹಚ್ಚಿ ತೊಳೆದರೂ ತಲೆಗೂದಲಿಂದ ಒಗ್ಗರಣೆ ವಾಸನೆ ಹೋಗುತ್ತಿರಲಿಲ್ಲ. ಈ ವ್ಯಾಪಾರ ತಾನಾಗಿಯೇ ನಿಂತುಹೋದರೆ ಸಾಕು ಎಂಬ ಆಸೆ ನನ್ನೊಳಗೆ ಇತ್ತೇನೋ. ‘ಏನೋ’ ಬೇಡ. ಇತ್ತು.

ಯುಗಾದಿಗೆ ಮುಂಚೆ ಒಂದು ಅಕಾಲದ ಮಳೆ ಹೊಡೆಯಿತು. ನಮ್ಮದು ಹಳೆಯ ಮಾಳಿಗೆ ಮನೆ, ಮಣ್ಣಿನ ಮೇಲ್ಛಾವಣಿ. ಮೂಲೆಯಲ್ಲಿ ಸೋರಿ, ಅಲ್ಲಿದ್ದ ಎರಡು ಚೀಲ ಬೀಜ ಅಡಿಯಿಂದ ನೆನೆದವು. ಬಿಸಿಲಿಗೆ ಹರಡಿ ಒಣಗಿಸಿ ಮತ್ತೆ ತುಂಬಿದೆವು. ಅದೇ ವಾರ ಮೊಳಕಾಲ್ಮುರಿನಿಂದ ರತ್ನಮ್ಮ ಎನ್ನುವವರು ನಮ್ಮ ಮನೆ ಹುಡುಕಿಕೊಂಡು ಬಂದರು. ರೇಷ್ಮೆ ಸೀರೆ ನೇಯಿಸಿ ಮಾರುವ ಮನೆಯವರು, ಮನೆಮಾತು ತೆಲುಗು. ಹಿಂದಿನ ವರ್ಷ ನಮ್ಮ ಪುಡಿ ತಿಂದು ಅವ್ವನ ಹೆಸರು ನೆನಪಿಟ್ಟುಕೊಂಡಿದ್ದರು. ಒಬ್ಬಳೇ ಮಗಳು ಸುಜಾತಳ ಮದುವೆ, ವೈಶಾಖದಲ್ಲಿ. “ಬುತ್ತಿಗೆ ಐನೂರು ಶೇಂಗಾ ಹೋಳಿಗೆ ಬೇಕಮ್ಮಾ. ಬೀಗರು ಬಳ್ಳಾರಿ ಕಡೆಯೋರು, ಬಾಳ ದೊಡ್ಡ ಕುಟುಂಬ. ಮಾ ಅಮ್ಮಾಯಿ ಮಾನ ನಿಮ್ಮ ಕೈಯಾಗೈತೆ” ಎಂದರು.

ಬುತ್ತಿಯೆಂದರೆ ಮದುಮಗಳ ಜೊತೆ ಗಂಡನ ಮನೆಗೆ ಕಳಿಸುವ ತಿಂಡಿಯ ಬುಟ್ಟಿ. ಅಲ್ಲಿ ಅದನ್ನು ಬಿಚ್ಚಿ ಮನೆಮನೆಗೆ ಹಂಚುತ್ತಾರೆ. ಗಂಡನ ಮನೆಯಲ್ಲಿ ಬಿಚ್ಚುವ ತನಕ ತವರಿನವರು ಯಾರೂ ಅದರಲ್ಲಿ ಒಂದು ಚೂರೂ ಮುರಿಯುವಂತಿಲ್ಲ. ಹೊಸ ಸೊಸೆಯ ಬಗ್ಗೆ ಊರು ಆಡುವ ಮೊದಲ ಮಾತು ಬುತ್ತಿಯ ಮೇಲೆಯೇ. ಅವ್ವ ಒಪ್ಪುವ ಮೊದಲು ನನ್ನ ಕಡೆ ತಿರುಗಿದಳು. “ಏನಂತೀಯ ಉಮಿ, ಆಗುತ್ತಾ ನಮ್ಮ ಕೈಲಿ?” ನಾನು ಪುಸ್ತಕದಿಂದ ತಲೆ ಎತ್ತದೆ, “ಆಗುತ್ತೆ ಬಿಡವ್ವ” ಎಂದೆ. ಅಷ್ಟು ದೊಡ್ಡ ಪ್ರಶ್ನೆಯೆಂದು ತಿಳಿಯಲಿಲ್ಲ.

ಹೋಳಿಗೆ ಮಾಡುವ ದಿನಕ್ಕೂ ನನ್ನ ಮೊದಲ ಪರೀಕ್ಷೆಗೂ ನಡುವೆ ಎರಡೇ ದಿನ. ಬೆಳಿಗ್ಗೆಯೇ ಸೆಕೆ. ನಾಗಮ್ಮ ತಟ್ಟುವುದಕ್ಕೆ ಬಂದಿದ್ದಳು. ಅವ್ವ ಮೂಲೆಯ ಚೀಲ ಬಿಚ್ಚಿ ಹುರಿದು ಪುಡಿ ಮಾಡಿ ಬೆಲ್ಲ ಸೇರಿಸಿ ಹೂರಣ ಕಟ್ಟುತ್ತಿದ್ದಾಗ ನಾಗಮ್ಮ ಕೈ ತಡೆದಳು.

“ಅಕ್ಕಾ, ಒಂಚೂರು ಕಮಟು ಬರ್ತೈತಲ್ಲೇ?”

ಅವ್ವನ ಕೈ ನಿಂತಿತು. ಅವಳು ಹೂರಣದ ಕಡೆ ನೋಡಲಿಲ್ಲ, ನಾಗಮ್ಮನ ಕಡೆ ನೋಡಲಿಲ್ಲ. ನನ್ನನ್ನು ಕರೆದಳು. “ಉಮಿ, ನೀನು ಹೇಳು. ಹೆಂಗೈತೆ?”

ನಾನು ಎದ್ದು ಬಂದು ಬಗ್ಗಿದೆ. ಏಲಕ್ಕಿಯ ಕೆಳಗೆ, ಬೆಲ್ಲದ ಕೆಳಗೆ, ನೆನೆದು ಹಳಸಿದ ಬೀಜದ ಕಮಟು ಸ್ಪಷ್ಟವಾಗಿತ್ತು. ಅನುಮಾನವೇ ಇರಲಿಲ್ಲ. ಕೆಟ್ಟಿದೆ ಎಂದರೆ ಅಷ್ಟನ್ನೂ ಚೆಲ್ಲಬೇಕು, ಹೊಸ ಬೀಜ ತರಬೇಕು, ಇಡೀ ದಿನ, ಬಹುಶಃ ಮರುದಿನವೂ ನಾನು ಈ ಹೊಗೆಯಲ್ಲಿ ಇರಬೇಕು. “ಏನಿಲ್ಲವ್ವ, ಅದು ಚೀಲದ ವಾಸನೆ. ಬೇಯಿಸಿದ್ರೆ ಹೋಗುತ್ತೆ” ಎಂದೆ.

“ನನ್ ಮಗಳು ಹೇಳಿದ್ ಮೇಲೆ ಮುಗೀತು ಬಿಡೇ” ಎಂದು ಅವ್ವ ನಾಗಮ್ಮನಿಗೆ ಹೇಳಿ ಕಣಕ ಕೈಗೆತ್ತಿಕೊಂಡಳು. ನಾಗಮ್ಮ ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಅವಳೂ ತಟ್ಟತೊಡಗಿದಳು.

ಮರುದಿನ ಬುಟ್ಟಿಗಳಿಗೆ ಬಿಳಿ ಬಟ್ಟೆ ಹಾಸಿ, ಹೋಳಿಗೆ ಜೋಡಿಸಿ, ಬಾಯಿ ಕಟ್ಟಿ, ಇಬ್ಬರೂ ಬಸ್ಸಿನಲ್ಲಿ ಒಯ್ದೆವು. ದಾರಿಯಲ್ಲಿ ಸಿಗುವ ಹಾನಗಲ್ ಎಂಬ ಹಳ್ಳಿ ದಾಟಿದ ಮೇಲೆ ಬರೀ ಬಂಡೆಗುಡ್ಡ, ಬಿಸಿಗಾಳಿ. ಬುಟ್ಟಿಯ ಮೇಲೆ ಬಿಸಿಲು ಬೀಳದ ಹಾಗೆ ಅವ್ವ ದಾರಿಯುದ್ದಕ್ಕೂ ಸೆರಗು ಅಡ್ಡ ಹಿಡಿದಿದ್ದಳು. ರತ್ನಮ್ಮನವರ ಮನೆಯ ಹಿಂದೆ ಮಗ್ಗದ ಸದ್ದು, ಮುಂದೆ ಚಪ್ಪರ. ಸುಜಾತ ನನಗಿಂತ ಒಂದೆರಡು ವರ್ಷ ಚಿಕ್ಕವಳು, ಕೈ ತುಂಬ ಮದರಂಗಿ. ತನ್ನ ಮನೆಯಲ್ಲೇ ನೇಯ್ದ ಧಾರೆ ಸೀರೆ ತಂದು ನನ್ನ ಮಡಿಲಲ್ಲಿ ಹರಡಿದಳು. ಬುಟ್ಟಿಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ಅಕ್ಕಾ, ನಂಗೆ ಈಗ್ಲೇ ತಿನ್ನಂಗಾಗೈತೆ. ಅಮ್ಮ ಬಿಡಲ್ಲ” ಎಂದು ನಕ್ಕಳು. ಬಿಚ್ಚಿ ನೋಡು ಎನ್ನಬಹುದಿತ್ತು. ಮದುವೆಗೆ ಇನ್ನೂ ಎರಡು ದಿನ ಕೈಯಲ್ಲಿತ್ತು, ಬೇರೆ ಏನಾದರೂ ಮಾಡಿಕೊಳ್ಳುತ್ತಿದ್ದರು. ಸೀರೆಯ ಅಂಚು ಬಹಳ ಚೆನ್ನಾಗಿದೆ ಎಂದೆ.

ಮದುವೆಯಾಗಿ ಎಂಟನೆಯ ದಿನ ರತ್ನಮ್ಮ ಬಂದರು. ನಾನು ಆಗಷ್ಟೇ ಒಂದು ಪರೀಕ್ಷೆ ಬರೆದು ಬಂದಿದ್ದೆ. ಅವರು ಕೂಗಾಡಲಿಲ್ಲ. ಜಗುಲಿಯ ಮೇಲೆ ಕೂತು, ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಹೋಳಿಗೆ ಅವ್ವನ ಮುಂದಿಟ್ಟರು. “ಬುತ್ತಿ ಬಿಚ್ಚಿದ ಕೂಡ್ಲೇ ವಾಸನೆ ಹೊಡೀತಂತೆ. ‘ನಿಮ್ಮ ತವರಿನೋರು ಹಿಂಡಿ ಕಟ್ಟಿ ಕಳ್ಸ್ಯಾರೆ, ಎಮ್ಮೆಗೆ ಹಾಕ್ರಿ’ ಅಂದ್ರಂತೆ ಅತ್ತೆ, ಅಷ್ಟು ಜನದ ಮುಂದೆ. ಮಾ ಅಮ್ಮಾಯಿ ಅಲ್ಲೇ ನಿಂತಿದ್ದಳು. ಈಗ ಓಣಿಯಾಗೆ ಅವಳ್ನ ಹಿಂಡಿ ಸೊಸೆ ಅಂತಾರಂತೆ.” ಗಂಟಿನ ಬಟ್ಟೆ ಮಡಚಿದರು. “ನಾನು ಜಗಳಕ್ಕೆ ಬಂದಿಲ್ಲಮ್ಮಾ. ನೀವೇ ಒಂದು ತಿಂದು ನೋಡ್ರಿ. ಅಷ್ಟೇ.”

ಅವ್ವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ಮಾರಲು ಮಾಡಿದ್ದನ್ನು ಮೊದಲ ಸಲ ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು, ಇನ್ನೊಂದು ಚೂರು ಮುರಿದು ಮೂಗಿನ ಹತ್ತಿರ ಹಿಡಿದಳು, ಮತ್ತೆ ಅಗಿದಳು.

“ಸಿಹಿ ಗೊತ್ತಾಗ್ತೈತೆ ತಾಯಿ. ಇನ್ನೇನೂ ಗೊತ್ತಾಗಲ್ಲ. ಶ್ರಾವಣದ ಜ್ವರದಾಗೆ ನನ್ನ ಮೂಗು ಸತ್ತೋಯ್ತು.”

“ಮತ್ಯಾಕೆ ಒಪ್ಕೊಂಡ್ರಿ?” ಎಂದರು ರತ್ನಮ್ಮ.

“ಮಗಳಿದ್ಲಲ್ಲ. ಇವಳದ್ದು ನನ್ನಂಥದೇ ಮೂಗು, ಸಣ್ಣೋಳಿದ್ದಾಗಿಂದ್ಲೂ. ದಿನಾ ಇವಳ್ನ ಕೇಳಿ ಕೇಳಿನೇ ಬಾಣಲೆ ಇಳಿಸ್ತಿದ್ದೆ. ಇವಳು ಬ್ಯಾಡ ಅಂದಿದ್ರೆ ನಾನು ಒಲೆ ಹಚ್ತಿರ್ಲಿಲ್ಲ.” ದೂರಿನಂತೆ ಹೇಳಲಿಲ್ಲ. ತನ್ನ ಕೆಲಸದ ಕ್ರಮ ವಿವರಿಸುವ ಹಾಗೆ ಹೇಳಿದಳು. ಅವಳಿಗೆ ತನ್ನ ಕೊರತೆ ಮೊದಲ ದಿನದಿಂದಲೇ ಗೊತ್ತಿತ್ತು. ಮುಚ್ಚಿಟ್ಟುಕೊಂಡು ಬಡಾಯಿ ಕೊಚ್ಚಲಿಲ್ಲ, ಹೆದರಿ ಕೈಬಿಡಲೂ ಇಲ್ಲ. ತನ್ನಲ್ಲಿ ಇಲ್ಲದ್ದನ್ನು ನನ್ನಲ್ಲಿ ಹುಡುಕಿಕೊಂಡಿದ್ದಳು. ಬಾಯಿಬಿಟ್ಟು ಹೇಳಿದರೆ ಓದುವ ಹುಡುಗಿಗೆ ಚಿಂತೆಯಾದೀತೆಂದು ಅದೊಂದನ್ನು ಮಾತ್ರ ನುಂಗಿಕೊಂಡಿದ್ದಳು. ಅವಳು ಕೇಳುತ್ತಿದ್ದ ಒಂದೇ ಪ್ರಶ್ನೆಗೆ ನಾನು ಒಂಬತ್ತು ತಿಂಗಳು ಸುಳ್ಳು ಹೇಳಿದ್ದೆ.

ಅವ್ವ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

“ನಿಂಗೂ ಗೊತ್ತಾಗ್ತಿಲ್ವೇನೇ ಉಮಿ? ನಿಂಗೂ ಜ್ವರ ಬಂದಿತ್ತಾ? ನಂಗ್ಯಾಕೆ ಹೇಳ್ಲಿಲ್ಲ?”

ನಾನು ಬೇಕೆಂದು ಸುಳ್ಳು ಹೇಳಿರಬಹುದೆಂಬುದು ಅವಳ ಮನಸ್ಸಿಗೆ ಬರಲೇ ಇಲ್ಲ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ತಾಯಿ ಮಗಳಿಬ್ಬರಿಗೂ ಒಂದೇ ಕಾಯಿಲೆ ಎಂದು ರತ್ನಮ್ಮನೂ ಕರಗುತ್ತಿದ್ದರೇನೋ. ಹಣೆಯ ಮೇಲೆ ಆ ಕೈ ಇದ್ದಾಗ ನನಗೆ ಅದು ಆಗಲಿಲ್ಲ.

“ಗೊತ್ತಾಗಿತ್ತವ್ವ.”

“ಹೌದಾ” ಎಂದಳು. ಕೈ ತೆಗೆದಳು. ಬೈದಿದ್ದರೆ, ಹೊಡೆದಿದ್ದರೆ, ಇಷ್ಟು ವರ್ಷಕ್ಕೆ ನನಗೆ ಮರೆತುಹೋಗುತ್ತಿತ್ತು.

ಅವ್ವ ಅದೇ ವಾರ ಅಂಗಡಿ ಅಂಗಡಿಗೆ ತಾನೇ ಹೋದಳು. ನನ್ನ ಮೂಗು ಹೋಗೈತೆ, ಪುಡಿ ಮೊದಲಿನಂಗಿಲ್ಲ, ಉಳಿದದ್ದು ಕೊಟ್ಟುಬಿಡ್ರಿ ಎಂದು ಹೇಳಿ ಎಲ್ಲ ವಾಪಸು ತಂದು ತಿಪ್ಪೆಗೆ ಸುರಿದಳು. ಆಮೇಲೆ ರತ್ನಮ್ಮನಿಂದ ವಿಳಾಸ ತೆಗೆದುಕೊಂಡು ಸುಜಾತಳ ಗಂಡನ ಮನೆಗೂ ಹೊರಟಳು. ತಪ್ಪು ತವರಿನವರದಲ್ಲ, ಮಾಡಿದವಳದು ಎಂದು ಆ ಅತ್ತೆಗೆ ಹೇಳಬೇಕಂತೆ. ನಾನೂ ಬರುತ್ತೇನೆ ಎಂದೆ. “ನಿಂಗೆ ಪರೀಕ್ಷೆ ಐತಲ್ಲ” ಎಂದಳು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೂ ಪರೀಕ್ಷೆ ಇತ್ತು. ಮರುದಿನ ಸಂಜೆ ಬಂದಳು. ಅಲ್ಲಿ ಏನಾಯಿತೆಂದು ಅಪ್ಪನಿಗೂ ಹೇಳಲಿಲ್ಲ. ಶಿವಗಂಗಮ್ಮನ ಪುಡಿ ಅಲ್ಲಿಗೆ ನಿಂತಿತು. ನಾನು ಬಯಸಿದ್ದೇ ಆಯಿತು.

ಆಷಾಢದ ಗಾಳಿಯಲ್ಲಿ ಫಲಿತಾಂಶ ಬಂತು. ನಾನು ಫಸ್ಟ್ ಕ್ಲಾಸು. ಅವ್ವ ನನ್ನ ಗಲ್ಲ ಹಿಡಿದು ಕಣ್ಣು ತುಂಬಿಕೊಂಡಳು. ಆ ಸಂತೋಷದಲ್ಲಿ ಯಾವ ಕೊಂಕೂ ಇರಲಿಲ್ಲ. ಅಪ್ಪನೂ ಬಂದಿದ್ದರು. ಮನೆಮಟ್ಟಿಗೆ ನಾಲ್ಕು ಹೋಳಿಗೆ ಮಾಡುತ್ತೇನೆಂದು ಬಹಳ ದಿನದ ಮೇಲೆ ಬಾಣಲೆ ಇಟ್ಟಳು. ನಾನು ಅವಳ ಪಕ್ಕದಲ್ಲೇ, ಒಲೆಯಿಂದ ಒಂದು ಮೊಳ ದೂರದಲ್ಲಿ ಕೂತು ಬೆಲ್ಲ ಕುಟ್ಟುತ್ತಿದ್ದೆ. ಬೀಜ ಚಟಪಟ ಎಂದಿತು, ಸಿಪ್ಪೆ ಬಿರಿಯಿತು. ಅವ್ವ ಸೌಟು ಆಡಿಸುವುದನ್ನು ನಿಲ್ಲಿಸಿ ತಲೆ ಎತ್ತಿದಳು. ನನ್ನನ್ನು ಕೇಳುತ್ತಾಳೆಂದು ಕುಟ್ಟುವುದನ್ನು ಬಿಟ್ಟು ಕಾದೆ. ಅವಳು ಕಿಟಕಿಯ ಕಡೆ ತಿರುಗಿ, ಕಾಂಪೌಂಡಿನಾಚೆ ಕೇಳಿಸುವ ಹಾಗೆ ಕೂಗಿದಳು.

“ನಾಗೀ, ಒಂಚೂರು ಬಂದು ವಾಸನೆ ನೋಡಿ ಹೋಗೇ.”